15 ಸಿಟ್ಟಿಂಗ್ ಎಂದರೆ ಕಡಿಮೆ ಚಿಕಿತ್ಸೆಯಲ್ಲ

'ನಮ್ಮ ಅತ್ತೆಗೆ 25 ಸಿಟ್ಟಿಂಗ್ ಕರೆಂಟ್ ಕೊಟ್ಟಿದ್ರು, ಅಮ್ಮನಿಗೆ 15 ಸಾಕಾ ಡಾಕ್ಟ್ರೇ?' ಸ್ತನ ಕ್ಯಾನ್ಸರ್‌ನ ರೇಡಿಯೇಷನ್ ಶುರುವಾಗುವ ಮುನ್ನ ಮನೆಯವರು ತಪ್ಪದೆ ಕೇಳುವ ಪ್ರಶ್ನೆ ಇದು. ಸಾಕು. ಹಳೆಯ ಕ್ರಮದಲ್ಲಿ ದಿನಕ್ಕೆ 2 ಗ್ರೇಯಂತೆ (ಗ್ರೇ ಎಂದರೆ ಕಿರಣದ ಡೋಸ್ ಅಳೆಯುವ ಮಾನ) 25 ದಿನ, ಒಟ್ಟು 50 ಗ್ರೇ. ಈಗ ದಿನಕ್ಕೆ ಸುಮಾರು 2.67 ಗ್ರೇಯಂತೆ 15 ದಿನ, ಒಟ್ಟು 40. ದಿನದ ಡೋಸ್ ಹೆಚ್ಚಾದಂತೆ ಪ್ರತಿ ಗ್ರೇಯ ಪೆಟ್ಟೂ ಜೋರಾಗುತ್ತದೆ. ಅದಕ್ಕೇ ಒಟ್ಟು ಮೊತ್ತವನ್ನು ಇಳಿಸಬೇಕು. ಬ್ರಿಟನ್ನಿನ ಫಾಸ್ಟ್-ಫಾರ್ವರ್ಡ್ ಅಧ್ಯಯನದಲ್ಲಿ ಐದೇ ದಿನದ 26 ಗ್ರೇ ಕೂಡ ಕ್ಯಾನ್ಸರ್ ಮರಳದಂತೆ ತಡೆಯುವುದರಲ್ಲಿ 15 ದಿನದ್ದಕ್ಕಿಂತ ಹಿಂದೆ ಬೀಳಲಿಲ್ಲ. ಐದು ವರ್ಷಗಳ ಫಲಿತಾಂಶ 2020ರಲ್ಲಿ ಬಂತು. ಗಡ್ಡೆಯಷ್ಟನ್ನೇ ತೆಗೆದವರಲ್ಲಿ ಕೆಲವರಿಗೆ ಆ ಜಾಗಕ್ಕೆ 10ರಿಂದ 16 ಗ್ರೇ ಬೂಸ್ಟ್, ಅಂದರೆ ಹೆಚ್ಚುವರಿ ಡೋಸ್, ಸೇರುತ್ತದೆ. ಹಾಗಾಗಿ ಇಬ್ಬರ ಫೈಲಿನ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿ ಗಾಬರಿಯಾಗಬೇಡಿ.

ಎಷ್ಟು ಗ್ರೇ ಎಂಬಷ್ಟೇ ಮುಖ್ಯ, ಅದು ಎಲ್ಲೆಲ್ಲಿ ಬೀಳುತ್ತದೆ ಎಂಬುದು. ಎಡ ಸ್ತನದ ಹಿಂದೆಯೇ ಹೃದಯ. ಹೃದಯಕ್ಕೆ ಬೀಳುವ ಸರಾಸರಿ ಡೋಸ್ 1 ಗ್ರೇ ಏರಿದರೆ ಹೃದಯಾಘಾತದಂಥ ತೊಂದರೆಯ ಸಾಧ್ಯತೆ ಮೊದಲಿದ್ದುದಕ್ಕಿಂತ ಶೇ 7.4ರಷ್ಟು ಏರುತ್ತದೆಂದು 2013ರ ಅಧ್ಯಯನವೊಂದು ತೋರಿಸಿತು. ಅದಕ್ಕೇ ಕಿರಣ ಕೊಡುವಾಗ ಉಸಿರು ಹಿಡಿಸುವುದು: ಎದೆ ತುಂಬ ಗಾಳಿ ಎಳೆದಾಗ ಶ್ವಾಸಕೋಶ ಹಿಗ್ಗಿ, ಹೃದಯ ಎದೆಗೂಡಿನಿಂದ ದೂರ ಸರಿಯುತ್ತದೆ. ಕಿರಣದ ಲೆಕ್ಕ ಹಾಕಲು ಮಾಡುವ ಸಿಟಿ ಸ್ಕ್ಯಾನ್‌ಗೆ ಬರುವ ಮೊದಲೇ ಮನೆಯಲ್ಲಿ ಅಂಗಾತ ಮಲಗಿ 20 ಸೆಕೆಂಡ್ ಹಿಡಿದು ಅಭ್ಯಾಸ ಮಾಡಿ. ಬೆನ್ನು ಎತ್ತಬಾರದು. ಎತ್ತಿದರೆ ಮೈಮೇಲೆ ಹಾಕಿದ ಗುರುತು ಸರಿದು ಕಿರಣದ ಲೆಕ್ಕ ತಪ್ಪುತ್ತದೆ.

ಚರ್ಮದ ವಿಷಯದಲ್ಲಿ ಎಲ್ಲರೂ ಮೋಸಹೋಗುವುದು ಕಾಲದ ಲೆಕ್ಕದಲ್ಲಿ. ಕೆಂಪಾಗುವುದು, ಕಪ್ಪಾಗುವುದು ಎರಡು-ಮೂರು ವಾರಕ್ಕೆ ಶುರು. ಉರಿ ಜೋರಾಗುವುದು ಚಿಕಿತ್ಸೆ ಮುಗಿದ ಒಂದೆರಡು ವಾರದಲ್ಲಿ. ಅಂದರೆ ಆಸ್ಪತ್ರೆಯ ಓಡಾಟ ನಿಂತು, 'ಮುಗೀತಪ್ಪ' ಎಂದು ಊರು ಸೇರಿದ ಮೇಲೆ. ಸ್ತನದ ಕೆಳಗಿನ ಮಡಿಕೆ ಮತ್ತು ಕಂಕುಳು ಮೊದಲು ಒಡೆಯುತ್ತವೆ. ಸಾಮಾನ್ಯವಾಗಿ ಕಿರಣದ ಪೂರ್ಣ ಡೋಸ್ ಚರ್ಮದ ಮೇಲ್ಪದರ ದಾಟಿ ಒಳಗೆ ಬೀಳುತ್ತದೆ; ಮಡಿಕೆಯಲ್ಲಿ ಚರ್ಮದ ಮೇಲೆ ಚರ್ಮ ಕೂರುವುದರಿಂದ ಆ ರಕ್ಷಣೆ ಇಲ್ಲ. ಜೊತೆಗೆ ಬೆವರು, ತಿಕ್ಕಾಟ. ಉಗುರುಬೆಚ್ಚಗಿನ ನೀರು, ಸೌಮ್ಯ ಸೋಪಿನಲ್ಲಿ ತೊಳೆದು, ಒರೆಸದೆ ಒತ್ತಿ ಒಣಗಿಸಿ. ಬ್ರಾ ಬದಲು ಸಡಿಲವಾದ ಹತ್ತಿ ಬನಿಯನ್ ಹಾಕಿ. ಅರಿಶಿನ, ಸುಣ್ಣ, ಗಿಡಮೂಲಿಕೆ ಲೇಪ ಬೇಡವೇ ಬೇಡ. ಚರ್ಮ ಸುಲಿದು ನೀರು ಜಿನುಗಿದರೆ ಡ್ರೆಸ್ಸಿಂಗ್‌ಗೆ ಬನ್ನಿ. ಬಹುತೇಕ ಕೆಲವು ವಾರದಲ್ಲಿ ಮಾಯುತ್ತದೆ.

ತಲೆಕೂದಲು ಇದರಿಂದ ಉದುರುವುದಿಲ್ಲ. ಹೊರಗಿನಿಂದ ಮಷೀನಿನಲ್ಲಿ ಕೊಡುವ ಕಿರಣ ಮೈಯಲ್ಲಿ ಉಳಿಯುವುದೂ ಇಲ್ಲ. ಮೊಮ್ಮಗುವನ್ನು ಧಾರಾಳವಾಗಿ ಎತ್ತಿಕೊಳ್ಳಿ.

ಚಿಕಿತ್ಸೆ ಮುಗಿದು ಒಂದರಿಂದ ಆರು ತಿಂಗಳೊಳಗೆ ಒಣಕೆಮ್ಮು, ಏದುಸಿರು ಬಂದರೆ ಅದು ಬರಿಯ ಶೀತವಲ್ಲದೆ ಶ್ವಾಸಕೋಶದ ಉರಿಯೂತವೂ ಆಗಿರಬಹುದು. ಅಪರೂಪ, ಆದರೆ ಸ್ಟೆರಾಯ್ಡ್‌ಗೆ ಸಾಮಾನ್ಯವಾಗಿ ಬಗ್ಗುತ್ತದೆ. ಊರಿನ ಡಾಕ್ಟರಿಗೆ ಮೊದಲ ಮಾತಿನಲ್ಲೇ 'ಎದೆಗೆ ಕರೆಂಟ್ ಆಗಿದೆ' ಎಂದು ಹೇಳಿ, ಡಿಸ್ಚಾರ್ಜ್ ಹಾಳೆ ತೋರಿಸಿ.