ಪೇಪರ್ ಓದಿದ್ದು ಯಾರು?

ಸಂಶೋಧನಾ ಪೇಪರ್ ಒಂದನ್ನು ಓದಲು ಕೊಟ್ಟರೆ ನಮ್ಮ ಪಿಎಚ್‌ಡಿ ಹುಡುಗರು ಮೊದಲು ಕೇಳುವುದು, "ಸರ್, ಇದು ಪೀರ್ ರಿವ್ಯೂ ಆಗಿದೆಯಾ?" ಕೇಳಲಿ, ತಪ್ಪಿಲ್ಲ. ಆದರೆ ಹೌದು ಅಂದ ಕೂಡಲೇ ಅನುಮಾನ ಪಡುವುದನ್ನೇ ಬಿಟ್ಟುಬಿಡುತ್ತಾರೆ. ನನ್ನ ತಕರಾರು ಅಲ್ಲಿ.

ಪೀರ್ ರಿವ್ಯೂ ಅಂದರೆ ಪ್ರಕಟಿಸುವ ಮೊದಲು ಜರ್ನಲ್‌ನ ಎಡಿಟರ್ ಪೇಪರನ್ನು ಅದೇ ವಿಷಯದ ಇಬ್ಬರು ಮೂವರು ತಜ್ಞರಿಗೆ ಪರಿಶೀಲನೆಗೆ ಕಳಿಸುವುದು. ಸಾಮಾನ್ಯವಾಗಿ ಸಂಬಳ ಇಲ್ಲ, ಹೆಸರೂ ಹೊರಗೆ ಬರುವುದಿಲ್ಲ. ನಾನೂ ಮಾಡುತ್ತೇನೆ, ಹೆಚ್ಚಾಗಿ ರಾತ್ರಿ ಊಟ ಆದಮೇಲೆ. ವಿಧಾನ ಸರಿಯಿದೆಯಾ, ತೀರ್ಮಾನ ಅಳತೆ ಮೀರಿದೆಯಾ ಅಂತ ನೋಡುತ್ತೇನೆ. ಮೂಲ ಡೇಟಾ ಕೈಗೆ ಸಿಗುವುದು ಅಪರೂಪ.

ಇದಕ್ಕೆಲ್ಲ ತಿಂಗಳುಗಟ್ಟಲೆ ಹಿಡಿಯುತ್ತದೆ. ಅಷ್ಟರೊಳಗೆ ಪೇಪರನ್ನು ಎಲ್ಲರ ಮುಂದೆ ಇಡುವುದೇ ಪ್ರಿಪ್ರಿಂಟ್. ಭೌತವಿಜ್ಞಾನಿ ಪಾಲ್ ಗಿನ್ಸ್‌ಪಾರ್ಗ್ 1991ರಲ್ಲಿ ಆರ್ಕೈವ್ (arXiv) ಎಂಬ ಆನ್‌ಲೈನ್ ಪ್ರಿಪ್ರಿಂಟ್ ಸಂಗ್ರಹ ಶುರು ಮಾಡಿದ ಮೇಲೆ ಭೌತವಿಜ್ಞಾನದವರಿಗೆ ಇದು ಮಾಮೂಲು. ಜೀವವಿಜ್ಞಾನದವರ ಬಯೋಆರ್ಕೈವ್ ಬಂದಿದ್ದು 2013ರಲ್ಲಿ.

ಬೆಂಗಳೂರಿನದೇ ಒಂದು ಪ್ರಸಂಗ ಇದೆ. 2018ರ ಜುಲೈನಲ್ಲಿ ಐಐಎಸ್‌ಸಿಯ ಇಬ್ಬರು ಆರ್ಕೈವ್‌ನಲ್ಲಿ ಪೇಪರ್ ಹಾಕಿದರು. ಚಿನ್ನದೊಳಗೆ ಬೆಳ್ಳಿಯ ನ್ಯಾನೋ ಕಣಗಳಿರುವ ವಸ್ತು 236 ಕೆಲ್ವಿನ್‌ನಲ್ಲಿ, ಅಂದರೆ ಸುಮಾರು ಮೈನಸ್ 37 ಡಿಗ್ರಿಯಲ್ಲಿ, ಸೂಪರ್‌ಕಂಡಕ್ಟರ್ ಆಗುತ್ತದೆ, ಅಂದರೆ ಯಾವ ತಡೆಯೂ ಇಲ್ಲದೆ ವಿದ್ಯುತ್ ಹರಿಸುತ್ತದೆ ಅಂತ. ಸಾಮಾನ್ಯವಾಗಿ ಇದಕ್ಕೆ ಇನ್ನೂ ಎಷ್ಟೋ ಹೆಚ್ಚು ತಣ್ಣಗಿರಬೇಕು, ಹಾಗಾಗಿ ನಿಜವಾದರೆ ದೊಡ್ಡ ಸುದ್ದಿ. ಮೂರು ವಾರದೊಳಗೆ ಎಂಐಟಿಯ ಬ್ರಯಾನ್ ಸ್ಕಿನ್ನರ್ ಕಣ್ಣು ಒಂದು ಗ್ರಾಫಿನ ಮೇಲೆ ನಿಂತಿತು. ಬೇರೆ ಬೇರೆ ಕಾಂತಕ್ಷೇತ್ರದಲ್ಲಿ ಅಳೆದ ಚುಕ್ಕಿಗಳ ಸಾಲುಗಳು. ಯಾವ ಅಳತೆಯಲ್ಲೂ ಸಣ್ಣಪುಟ್ಟ ಏರಿಳಿತ, ನಾವು ನಾಯ್ಸ್ ಅನ್ನುವುದು, ಇದ್ದೇ ಇರುತ್ತದೆ. ಆದರೆ ಪ್ರತಿ ಸಲವೂ ಅದು ಬೇರೆ ಇರಬೇಕು, ಅಲ್ವಾ? ಇಲ್ಲಿ ಎರಡು ಸಾಲುಗಳಲ್ಲಿ ಅದೇ ಏರಿಳಿತ. ಒಂದನ್ನು ಸುಮ್ನೆ ಕೊಂಚ ಸರಿಸಿಟ್ಟ ಹಾಗೆ. ಅವರು ಅದನ್ನೇ ಚಿಕ್ಕ ಟಿಪ್ಪಣಿಯಾಗಿ ಆರ್ಕೈವ್‌ಗೆ ಹಾಕಿದರು. 2019ರ ಮೇನಲ್ಲಿ ಐಐಎಸ್‌ಸಿಯವರು ಇನ್ನಷ್ಟು ಜನರನ್ನು ಸೇರಿಸಿಕೊಂಡು, ಜಾಸ್ತಿ ಡೇಟಾದೊಂದಿಗೆ ಪರಿಷ್ಕರಿಸಿದರು. ಆ ಪೇಪರ್, ಅದರ ಮೇಲಿನ ಅನುಮಾನ, ಪರಿಷ್ಕರಣೆ, ಮೂರೂ ತಾರೀಖು ಸಮೇತ ಇವತ್ತಿಗೂ ಅಲ್ಲೇ ಇವೆ.

ರಿವ್ಯೂ ಆದ ಪೇಪರಿನ ಕಥೆಯನ್ನೂ ಕೇಳಿ. 2020ರ ಮೇ 22ರಂದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಜರ್ನಲ್‌ನಲ್ಲಿ, ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ಕೊಟ್ಟ ಕೋವಿಡ್ ರೋಗಿಗಳಲ್ಲಿ ಸಾವು ಹೆಚ್ಚು ಅಂತ ಲೇಖನ ಬಂತು. ಅದನ್ನು ನಂಬಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಪ್ರಯೋಗದಲ್ಲಿ ಆ ಮಾತ್ರೆಯನ್ನು ತಡೆಹಿಡಿಯಿತು. ಡೇಟಾ ಮಾತ್ರ ಸರ್ಜಿಸ್ಫಿಯರ್ ಎಂಬ ಕಂಪನಿಯ ಬಳಿಯೇ ಉಳಿದಿತ್ತು. ಆಸ್ಟ್ರೇಲಿಯಾದ ಸಾವಿನ ಲೆಕ್ಕ ಅಲ್ಲಿನ ಅಧಿಕೃತ ಅಂಕಿಗೆ ತಾಳೆಯಾಗುತ್ತಿಲ್ಲ ಅಂತ ಗೊತ್ತಾಗಿದ್ದು ಪ್ರಕಟವಾದ ಮೇಲೆ. ಜೂನ್ 4ಕ್ಕೆ ಲೇಖನ ವಾಪಸ್.

2023ರಿಂದ ಇಲೈಫ್ ಜರ್ನಲ್ ಇನ್ನೊಂದು ದಾರಿ ಹಿಡಿದಿದೆ. ಯಾವುದನ್ನು ರಿವ್ಯೂಗೆ ಕಳಿಸಬೇಕು ಅಂತ ಎಡಿಟರುಗಳು ಆರಿಸುತ್ತಾರೆ. ಕಳಿಸಿದ ಮೇಲೆ ಪಾಸು, ಫೇಲು ಇಲ್ಲ. ಪ್ರಿಪ್ರಿಂಟ್ ಜೊತೆಗೆ ರಿವ್ಯೂಗಳೂ ಪ್ರಕಟವಾಗುತ್ತವೆ. ಪುರಾವೆ ಗಟ್ಟಿಯೋ ಅಪೂರ್ಣವೋ ಅಂತ ನೇರವಾಗಿ ಬರೆಯುತ್ತಾರೆ. ನನಗೆ ಇದು ಇಷ್ಟ. ಆದರೆ ಈ ಪದ್ಧತಿಯ ಕಾರಣಕ್ಕೇ ಜರ್ನಲ್ ತನ್ನ ಇಂಪ್ಯಾಕ್ಟ್ ಫ್ಯಾಕ್ಟರ್, ಅಂದರೆ ಅದರ ಪೇಪರುಗಳನ್ನು ಬೇರೆಯವರು ಸರಾಸರಿ ಎಷ್ಟು ಸಲ ಉಲ್ಲೇಖಿಸುತ್ತಾರೆ ಅನ್ನುವ ನಂಬರು, ಕಳೆದುಕೊಂಡಿತು. ನಮ್ಮಲ್ಲಿ ಎಷ್ಟೋ ಆಯ್ಕೆ ಸಮಿತಿಗಳು ಇವತ್ತಿಗೂ ಕೇಳುವುದು ಆ ನಂಬರನ್ನೇ. ರಿವ್ಯೂಗಳನ್ನು ಪ್ರಿಂಟ್ ತೆಗೆದು ಅರ್ಜಿಗೆ ಲಗತ್ತಿಸಿ ಅಂತ ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಓದುವುದು ಬಿಡುವುದು ಸಮಿತಿಯವರಿಗೆ ಬಿಟ್ಟದ್ದು.