ಜಾನ್ ಬಾನಮ್ ಚೆನ್ನಾಗಿ ಬಾರಿಸಿದ್ದು ಯಾವ ಆಲ್ಬಮ್ಮಿನಲ್ಲಿ? ಮುಗಿಯದ ಜಗಳದ ಹಿನ್ನೆಲೆ

ಇಂಗ್ಲೆಂಡಿನ ರಾಕ್ ಬ್ಯಾಂಡ್ ಲೆಡ್ ಜೆಪ್ಪೆಲಿನ್‌ನ ಡ್ರಮ್ಮರ್ ಜಾನ್ ಬಾನಮ್ 1980ರ ಸೆಪ್ಟೆಂಬರ್ 25ರಂದು ತೀರಿಕೊಂಡ. ವಯಸ್ಸು 32. ಅದೇ ಡಿಸೆಂಬರ್‌ನಲ್ಲಿ ಉಳಿದ ಮೂವರು ಬ್ಯಾಂಡನ್ನೇ ನಿಲ್ಲಿಸಿದರು. ಅವನು ದೊಡ್ಡ ಡ್ರಮ್ಮರ್ ಹೌದೋ ಅಲ್ಲವೋ ಎಂದು ಈಗ ಯಾರೂ ಕೇಳುವುದಿಲ್ಲ. 2016ರಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆ ನೂರು ಡ್ರಮ್ಮರ್‌ಗಳ ಪಟ್ಟಿ ಮಾಡಿದಾಗ ಮೊದಲ ಜಾಗ ಅವನದೇ. ಅಭಿಮಾನಿಗಳ ಜಗಳ ಇರುವುದು ಮುಂದಿನ ಪ್ರಶ್ನೆಯಲ್ಲಿ. ಅವನು ಚೆನ್ನಾಗಿ ಬಾರಿಸಿದ್ದು ಯಾವ ಆಲ್ಬಮ್ಮಿನಲ್ಲಿ, ಯಾವ ಹಾಡಿನಲ್ಲಿ?

ಒಬ್ಬರು ದೊಡ್ಡ ಡ್ರಮ್ಮಿನ ಪೆಡಲ್ ಒತ್ತುವ ಅವನ ಬಲಗಾಲಿನ ಬಗ್ಗೆ ಹೇಳುತ್ತಾರೆ, ಇನ್ನೊಬ್ಬರು ಸದ್ದಿನ ಬಗ್ಗೆ, ಮತ್ತೊಬ್ಬರು ಸೋಲೊ, ಅಂದರೆ ಅವನೊಬ್ಬನೇ ಬಾರಿಸುವ ಭಾಗದ ಬಗ್ಗೆ. ಮೂವರೂ ಒಂದೇ ವಿಷಯ ಮಾತಾಡುತ್ತಿದ್ದೇವೆ ಅಂದುಕೊಂಡಿರುತ್ತಾರೆ. ಹಿಂದಕ್ಕೆ ಹೋಗಿ ನೋಡಿದರೆ ಈ ಗೊಂದಲಕ್ಕೆ ಕಾರಣ ಸಿಗುತ್ತದೆ. ಜನ ಸಂಗೀತ ಕೇಳುವ ರೀತಿ ಬದಲಾದಾಗಲೆಲ್ಲ ಉತ್ತರವೂ ಬದಲಾಗಿದೆ.

ಎಪ್ಪತ್ತರ ದಶಕದಲ್ಲಿ ಉತ್ತರ ಸುಲಭವಿತ್ತು: ಡ್ರಮ್ ಸೋಲೊ ಇರುವ 'ಮೋಬಿ ಡಿಕ್'. 1969ರ ಎರಡನೇ ಆಲ್ಬಮ್ಮಿನಲ್ಲಿ ಅದು ನಾಲ್ಕು ನಿಮಿಷ ಚಿಲ್ಲರೆ. ವೇದಿಕೆ ಮೇಲೆ ಇಪ್ಪತ್ತು ನಿಮಿಷ ದಾಟುತ್ತಿತ್ತು. ಉಳಿದವರು ಹಿಂದೆ ಸರಿಯುತ್ತಿದ್ದರು. ಬಾನಮ್ ಕೋಲು ಬಿಟ್ಟು ಬರಿಗೈಯಲ್ಲಿ ಬಾರಿಸುತ್ತಿದ್ದ. ಅಲ್ಲಿ ಕೂತು ನೋಡಿದವರಿಗೆ ಬೇರೆ ಉತ್ತರ ಬೇಕಿರಲಿಲ್ಲ. ಆದರೆ ಡಿಸ್ಕ್ ಹಾಕಿಕೊಂಡು ಕೇಳುವವರಿಗೆ ಅದು ಅಷ್ಟು ಹಿಡಿಸುವುದಿಲ್ಲ. ನಿಜ ಹೇಳಬೇಕೆಂದರೆ, ಜಾಸ್ತಿ ಜನ ಈಗ ಅದನ್ನು ಪೂರ್ತಿ ಕೇಳುವುದೇ ಇಲ್ಲ.

ಆಮೇಲೆ ಬಂದದ್ದು ಮೆಟ್ಟಿಲಿನ ಕಥೆ. ಈ ಜಗಳದ ಅರ್ಧ ಭಾಗ ಅಲ್ಲೇ ಹುಟ್ಟಿದ್ದು.

ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿ ಹೆಡ್ಲಿ ಗ್ರೇಂಜ್ ಅನ್ನೋ ಹಳೇ ಮನೆ ಇದೆ. 1795ರ ಸುಮಾರಿಗೆ ದಿಕ್ಕಿಲ್ಲದವರನ್ನು ಇಟ್ಟು ಕೆಲಸ ಮಾಡಿಸಲು ಕಟ್ಟಿದ ಮನೆ ಅದು. ನಾಲ್ಕನೇ ಆಲ್ಬಮ್ಮಿಗೆ ಬ್ಯಾಂಡ್ ಅಲ್ಲಿ ಹೋಗಿ ಕೂತಿತು. ರೋಲಿಂಗ್ ಸ್ಟೋನ್ಸ್ ಬ್ಯಾಂಡಿನ ಸಂಚಾರಿ ಸ್ಟುಡಿಯೊ ಲಾರಿ ಹೊರಗೆ ನಿಂತಿತು. ಡ್ರಮ್ ಸೆಟ್ಟನ್ನು ಮನೆಯ ಹಜಾರದಲ್ಲಿ, ಮೆಟ್ಟಿಲಿನ ಬುಡದಲ್ಲಿ ಇಟ್ಟರು. ಇಂಜಿನಿಯರ್ ಆಂಡಿ ಜಾನ್ಸ್ ಎರಡು ಮೈಕುಗಳನ್ನು ಮೇಲಿನ ಮಹಡಿಯಿಂದ ಇಳಿಬಿಟ್ಟ. ಡ್ರಮ್ಮಿನ ಹತ್ತಿರ ಮೈಕೇ ಇಲ್ಲ! ಆ ಕಾಲಕ್ಕೆ ಇದು ವಿಚಿತ್ರ. ಜೊತೆಗೆ ಸದ್ದಿಗೆ ಪ್ರತಿಧ್ವನಿ ಕೊಡುವ ಬಿನ್ಸನ್ ಎಕೋ ಯಂತ್ರ ಸೇರಿಸಿದರು. ಟೇಪಿನ ವೇಗವನ್ನೂ ಸ್ವಲ್ಪ ತಗ್ಗಿಸಿದರು. 'ವೆನ್ ದ ಲೆವೀ ಬ್ರೇಕ್ಸ್' ಹಾಡಿನ ಆ ಗುಡುಗು ಹುಟ್ಟಿದ್ದು ಹೀಗೆ. ಆಲ್ಬಮ್ ಬಂದದ್ದು 1971ರ ನವೆಂಬರ್‌ನಲ್ಲಿ.

ಆಗ ಅದನ್ನು ಬಾನಮ್‌ನ ಅತಿ ದೊಡ್ಡ ಕೆಲಸ ಎಂದು ಯಾರೂ ಎತ್ತಿ ಹಿಡಿಯಲಿಲ್ಲ. ಆ ಪಟ್ಟ ಬಂದದ್ದು ಹಳೇ ಹಾಡಿನ ತುಣುಕನ್ನು ಹೊಸ ಹಾಡಿಗೆ ಸೇರಿಸುವ ಸ್ಯಾಂಪ್ಲರ್ ಯಂತ್ರಗಳಿಂದ. ಹಾಡಿನ ಶುರುವಿನಲ್ಲಿ ಬರೀ ಡ್ರಮ್ಸ್ ಇದೆ. ಗಿಟಾರ್ ಇಲ್ಲ, ದನಿ ಇಲ್ಲ. ಕತ್ತರಿಸಿ ತೆಗೆದುಕೊಳ್ಳಲು ಹೇಳಿ ಮಾಡಿಸಿದ ಹಾಗಿದೆ. 1986ರಲ್ಲಿ ಅಮೆರಿಕದ ಹಿಪ್-ಹಾಪ್ ತಂಡ ಬೀಸ್ಟಿ ಬಾಯ್ಸ್ ತಮ್ಮ ಮೊದಲ ಆಲ್ಬಮ್ಮಿನ ಮೊದಲ ಹಾಡಿಗೇ ಅದನ್ನು ಬಳಸಿದರು. ಆಮೇಲೆ ಬಳಸಿದವರಿಗೆ ಲೆಕ್ಕವಿಲ್ಲ. ತೊಂಬತ್ತರ ದಶಕದಲ್ಲಿ ನಮ್ಮ ಕಡೆಯ ಕ್ಯಾಸೆಟ್ ಅಂಗಡಿಗಳಲ್ಲೂ ಕೇಳಿಸುತ್ತಿದ್ದ ಎನಿಗ್ಮಾದ 'ರಿಟರ್ನ್ ಟು ಇನೊಸೆನ್ಸ್' ನೆನಪಿದೆ ಅಲ್ವಾ? ಅದರಡಿಯಲ್ಲಿ ಓಡುವ ತಾಳವೂ ಇದೇ. ಅಂದರೆ ಬಾನಮ್ ಹೆಸರು ಗೊತ್ತಿಲ್ಲದವರೂ ಬಾನಮ್‌ನನ್ನು ಕೇಳಿದ್ದಾರೆ.

ಇಲ್ಲೇ ಜಗಳ ಗೋಜಲಾಗುವುದು. ಆ ಹಾಡಿನಲ್ಲಿ ಅವನು ಬಾರಿಸಿದ್ದು ತುಂಬ ಸರಳ. ಅದೇ ತಾಳ, ಏಳು ನಿಮಿಷ. ಹಾಗಾದರೆ ಹೊಗಳಿಕೆ ಯಾರಿಗೆ ಸೇರಬೇಕು? ಕೈಗೋ, ಮೆಟ್ಟಿಲಿಗೋ, ಮೈಕಿಗೋ? ಬೇರೆ ಯಾರೇ ಅಲ್ಲಿ ಕೂತು ಬಾರಿಸಿದ್ದರೂ ಹೀಗೇ ಕೇಳಿಸುತ್ತಿತ್ತು ಅನ್ನೋದು ಸುಮ್ನೆ ಮಾತು. ಪ್ರತಿ ಪೆಟ್ಟನ್ನೂ ಕೂದಲೆಳೆಯಷ್ಟು ತಡವಾಗಿ ಕೂರಿಸುವ ಆ ಹಿಡಿತ ಮೆಟ್ಟಿಲಿಗೆ ಬರುವುದಿಲ್ಲ. ಆದರೂ ಒಂದು ಸದ್ದಿಗೆ ಸಿಕ್ಕ ಗೆಲುವನ್ನು ಒಂದು ಆಲ್ಬಮ್ಮಿಗೇ ಬರೆದುಕೊಟ್ಟಿದ್ದು ಸ್ವಲ್ಪ ಜಾಸ್ತಿಯೇ ಆಯಿತು.

ಅದೇ ಆಲ್ಬಮ್ಮಿನ 'ಫೋರ್ ಸ್ಟಿಕ್ಸ್' ಇದಕ್ಕಿಂತ ಕಷ್ಟದ ಹಾಡು. ಐದು ಮತ್ತು ಆರರ ಎಣಿಕೆಯಲ್ಲಿ ಓಡುತ್ತದೆ. ಬಾನಮ್ ಎರಡೂ ಕೈಯಲ್ಲಿ ಎರಡೆರಡು ಕೋಲು ಹಿಡಿದು ಬಾರಿಸಿದ, ಹೆಸರು ಬಂದದ್ದೂ ಹಾಗೇ. 1972ರಲ್ಲಿ ಗಿಟಾರಿಸ್ಟ್ ಜಿಮ್ಮಿ ಪೇಜ್, ಗಾಯಕ ರಾಬರ್ಟ್ ಪ್ಲಾಂಟ್ ಬಾಂಬೆಗೆ ಬಂದು ಇದನ್ನೇ ಅಲ್ಲಿನ ಕಲಾವಿದರ ಜೊತೆ ಮತ್ತೆ ನುಡಿಸಿದರು. ಆ ರೆಕಾರ್ಡಿಂಗ್ ಹೊರಬರಲು 2015 ಆಗಬೇಕಾಯಿತು.

1973ರ ಆಲ್ಬಮ್ ಬಿಟ್ಟು ಮುಂದೆ ಹೋಗೋಣ. 1975ರ 'ಫಿಸಿಕಲ್ ಗ್ರಾಫಿಟಿ'ಯ ಪರ ವಾದಿಸುವವರು 'ಕಾಶ್ಮೀರ್' ಹಾಡನ್ನು ಮುಂದಿಡುತ್ತಾರೆ. ಗಿಟಾರ್ ಮೂರರ ಲೆಕ್ಕದಲ್ಲಿ ಹೋಗುತ್ತದೆ, ಡ್ರಮ್ಸ್ ನಾಲ್ಕರಲ್ಲಿ. ಹನ್ನೆರಡಕ್ಕೊಮ್ಮೆ ಎರಡೂ ಕೂಡುತ್ತವೆ. ತಿಶ್ರ, ಚತುರಶ್ರ ಗೊತ್ತಿರುವ ನಮ್ಮ ಕಿವಿಗೆ ಇದು ಹೊಸದೇನಲ್ಲ. ಹೊಸದು ಬಾನಮ್‌ನ ಸಂಯಮ. ಎಲ್ಲೂ ಲೆಕ್ಕ ತೋರಿಸಿಕೊಳ್ಳುವುದಿಲ್ಲ.

ಇಂಟರ್ನೆಟ್ ಕಾಲದಲ್ಲಿ ಪಾಠದ ವಿಡಿಯೊಗಳು ಬಂದವು. ಡ್ರಮ್ಸ್ ಮಾತ್ರ ಬೇರ್ಪಡಿಸಿದ ಟ್ರ್ಯಾಕುಗಳೂ ಹರಿದಾಡಿದವು. ಆಗ ಎರಡು ಹಾಡುಗಳು ಮೇಲೆ ಬಂದವು. ಒಂದು, 1969ರ ಮೊದಲ ಆಲ್ಬಮ್ಮಿನ ಮೊದಲ ಹಾಡು 'ಗುಡ್ ಟೈಮ್ಸ್ ಬ್ಯಾಡ್ ಟೈಮ್ಸ್'. ಎರಡು ಪೆಡಲ್ ಬೇಕು ಅನಿಸುವ ಪೆಟ್ಟುಗಳನ್ನು ಒಂದೇ ಕಾಲಲ್ಲಿ ಹಾಕಿದ್ದಾನೆ. ಇನ್ನೊಂದು, 1979ರ 'ಫೂಲ್ ಇನ್ ದ ರೇನ್'. ಅಮೆರಿಕದ ಡ್ರಮ್ಮರ್ ಬರ್ನಾರ್ಡ್ ಪರ್ಡಿಯ ತೂಗಾಡುವ 'ಶಫಲ್' ತಾಳವನ್ನು ತನ್ನದು ಮಾಡಿಕೊಂಡಿದ್ದಾನೆ. ಮುಂದೆ ಟೋಟೋ ಬ್ಯಾಂಡಿನ ಡ್ರಮ್ಮರ್ ಜೆಫ್ ಪೊರ್ಕಾರೊ 1982ರ 'ರೋಸಾನಾ'ಗೆ ಪರ್ಡಿಯ ತಾಳ, ಬಾನಮ್‌ನ ತಾಳ ಎರಡನ್ನೂ ಬೆರೆಸಿಕೊಂಡ. ಬಾನಮ್‌ನ ಈ ಎರಡು ಹಾಡೂ ಪಾಠಕ್ಕೆ ಒಳ್ಳೆಯವು. ಬಿಡಿಸಿ ತೋರಿಸಬಹುದು, ಕಲಿತು ಅಪ್‌ಲೋಡ್ ಮಾಡಬಹುದು.

ಹೀಗೆ ವೇದಿಕೆ, ಸ್ಯಾಂಪ್ಲರ್, ಪಾಠದ ವಿಡಿಯೊ ಮೂರಕ್ಕೂ ಅವುಗಳದ್ದೇ ಗೆಲುವು ಸಿಕ್ಕಿತು. ಈ ಮೂರಕ್ಕೂ ಸಿಗದೆ ಹೊರಗುಳಿದ ಒಂದು ಆಲ್ಬಮ್ ಇದೆ: 1976ರ 'ಪ್ರೆಸೆನ್ಸ್'. ಪ್ಲಾಂಟ್ ಕಾರು ಅಪಘಾತದಲ್ಲಿ ಪೆಟ್ಟು ತಿಂದು ಗಾಲಿಕುರ್ಚಿಯಲ್ಲಿದ್ದ. ಮ್ಯೂನಿಕ್‌ನ ಹೋಟೆಲೊಂದರ ನೆಲಮಾಳಿಗೆಯ ಸ್ಟುಡಿಯೊದಲ್ಲಿ ಮೂರು ವಾರದೊಳಗೆ ಕೆಲಸ ಮುಗಿಸಿದರು. ಕೀಬೋರ್ಡ್ ಇಲ್ಲವೇ ಇಲ್ಲ. ಖಾಲಿ ಜಾಗ ತುಂಬುವ ಹೊಣೆ ಡ್ರಮ್ಸ್ ಮೇಲೆ ಬಿತ್ತು.

ಅದರ ಮೊದಲ ಹಾಡು 'ಅಕಿಲೀಸ್ ಲಾಸ್ಟ್ ಸ್ಟ್ಯಾಂಡ್' ಹತ್ತು ನಿಮಿಷಕ್ಕಿಂತ ಉದ್ದ. ಕುದುರೆ ಓಟದ ತಾಳ ಎಲ್ಲೂ ಸಡಿಲಾಗುವುದಿಲ್ಲ. ಗಿಟಾರ್ ಹೊಡೆದಲ್ಲೆಲ್ಲ ಡ್ರಮ್ಸ್ ಕೂಡ ಹೊಡೆಯುತ್ತದೆ. ಗಿಟಾರ್ ಉಸಿರೆಳೆದಾಗ ಆ ಬಿರುಕನ್ನು ಅವನೇ ತುಂಬುತ್ತಾನೆ. ಇದರಲ್ಲಿ ಸೋಲೊ ಇಲ್ಲ. ಕತ್ತರಿಸಿ ತೆಗೆಯಬಹುದಾದ ಎರಡು ಸಾಲಿನ ತಾಳವೂ ಇಲ್ಲ, ಯಾಕಂದರೆ ಡ್ರಮ್ಸ್ ಎಲ್ಲೂ ಒಂಟಿಯಾಗಿಲ್ಲ. ಒಂದು ತುಣುಕು ಕಲಿತರೆ ಹಾಡು ಬರುವುದಿಲ್ಲ. ಪೂರ್ತಿ ಹತ್ತು ನಿಮಿಷ ಕೂತು ಕೇಳಬೇಕು. ಪಟ್ಟಿಗಳಲ್ಲಿ ಅದು ಸಾಮಾನ್ಯವಾಗಿ 'ಇದೂ ಚೆನ್ನಾಗಿದೆ' ಎಂಬ ಸಾಲಿನಲ್ಲಿ ಬರುತ್ತದೆ.

2015ರಲ್ಲಿ ಪೇಜ್ ಈ ಆಲ್ಬಮ್ಮನ್ನು ಮತ್ತೆ ಮಾಸ್ಟರ್ ಮಾಡಿ ಬಿಟ್ಟ. ಜೊತೆಗಿನ ಡಿಸ್ಕಿನಲ್ಲಿ ಇದೇ ಹಾಡಿನ ಇನ್ನೂ ಮುಗಿಯದ ಮಿಕ್ಸ್ ಒಂದಿದೆ. 'ಟೂ ಒನ್ಸ್ ಆರ್ ವನ್' ಅಂತ ಹುಡುಕಿದರೆ ಸಿಗುತ್ತದೆ. ಮೆಟ್ಟಿಲಿನ ಪರ ವಾದಿಸುವವರು ಮೊದಲು ಅದನ್ನು ಒಳ್ಳೆ ಹೆಡ್‌ಫೋನಿನಲ್ಲಿ ಕೇಳಿ ಬರಲಿ. ವಾದ ಆಮೇಲೆ ಮುಂದುವರಿಸೋಣ.