ಡಿಕ್ಯಾಂಟರಿನ ಗಾಜಿನಲ್ಲಿರುವ ಸೀಸ

ಮಂಗಳೂರಿನ ಕೆಲವು ಹಳೆಯ ಮನೆಗಳ ಕಪಾಟಿನಲ್ಲಿ, ಹಬ್ಬಕ್ಕೆಂದು ಎತ್ತಿಟ್ಟ ಪಿಂಗಾಣಿಯ ಪಕ್ಕದಲ್ಲಿ, ಮೈತುಂಬ ಕೆತ್ತನೆಯಿರುವ ಡಿಕ್ಯಾಂಟರ್, ಅಂದರೆ ವೈನ್ ಸುರಿದಿಡುವ ಮುಚ್ಚಳದ ಗಾಜಿನ ಹೂಜಿ, ಇಂದಿಗೂ ಕಾಣಸಿಗುತ್ತದೆ. ಅಂಥ ಪಾತ್ರೆಯ ಸೊಬಗಿಗೂ ಅಪಾಯಕ್ಕೂ ಕಾರಣ ಒಂದೇ, ಅದು ಸೀಸ. ಲಂಡನ್ನಿನ ಜಾರ್ಜ್ ರೇವನ್ಸ್‌ಕ್ರಾಫ್ಟ್ 1674ರಲ್ಲಿ ಹೊಸ ಬಗೆಯ ಗಾಜಿಗೆ ಪೇಟೆಂಟ್ ಪಡೆದನು; ಆ ಗಾಜು ಸೂಕ್ಷ್ಮವಾಗಿ ಬಿರುಕುಬಿಟ್ಟು ಮಂಕಾಗುತ್ತಿದ್ದುದನ್ನು ತಡೆಯಲು ಮುಂದೆ ಅದಕ್ಕೆ ಸೀಸದ ಆಕ್ಸೈಡ್ ಸೇರಿಸಿದನು. ಯುರೋಪಿನ ನಿಯಮದಂತೆ ಸೀಸದ ಹರಳುಗಾಜಿನಲ್ಲಿ ಈ ಆಕ್ಸೈಡ್ ಶೇ. 24ರಷ್ಟಾದರೂ ಇರಬೇಕು.

ಸೀಸದ ಪರಮಾಣುವಿನಲ್ಲಿ ಎಲೆಕ್ಟ್ರಾನ್‌ಗಳು ಹೆಚ್ಚಾಗಿರುವುದರಿಂದ ಬೆಳಕು ಈ ಗಾಜಿನೊಳಗೆ ಹೆಚ್ಚು ಬಾಗುತ್ತದೆ, ಬಣ್ಣಗಳಾಗಿಯೂ ಹೆಚ್ಚು ಒಡೆಯುತ್ತದೆ. ಗಾಜು ಮೆದುವಾಗುವುದರಿಂದ ಆಳವಾದ ಕೆತ್ತನೆಯೂ ಸುಲಭ.

ಗಾಜಿನಲ್ಲಿ ಸೀಸವಿದೆಯೇ ಎಂದು ತಿಳಿಯಲು ಕೊಳ್ಳುವವರು ಬೆರಳಿನಿಂದ ತಟ್ಟಿ ನಾದ ಕೇಳುವುದು ವಾಡಿಕೆ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ತಕ್ಕಡಿಯೇ ನಂಬಿಕೆಗೆ ಅರ್ಹ. ಡಿಕ್ಯಾಂಟರಿನ ಮುಚ್ಚಳ ಒಳಗೆ ಪೊಳ್ಳಿಲ್ಲದ ಗಟ್ಟಿ ಗಾಜಾಗಿದ್ದರೆ ಮೊದಲು ಅದನ್ನು ತೂಗಬೇಕು. ಬಳಿಕ ನೀರು ತುಂಬಿದ ಲೋಟವನ್ನು ಡಿಜಿಟಲ್ ತಕ್ಕಡಿಯ ಮೇಲಿಟ್ಟು, ಅಂಕಿಯನ್ನು ಸೊನ್ನೆಗೆ ತಂದು, ನೂಲಿಗೆ ಕಟ್ಟಿದ ಮುಚ್ಚಳವನ್ನು ತಳಕ್ಕೆ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಬೇಕು. ಆಗ ತಕ್ಕಡಿ ತೋರಿಸುವುದು ಮುಚ್ಚಳ ಪಕ್ಕಕ್ಕೆ ಸರಿಸಿದ ನೀರಿನ ತೂಕವನ್ನು. ಮುಚ್ಚಳದ ತೂಕವನ್ನು ಇದರಿಂದ ಭಾಗಿಸಿದರೆ ನೀರಿಗೆ ಹೋಲಿಸಿದ ಸಾಂದ್ರತೆ ಸಿಗುತ್ತದೆ. 120 ಗ್ರಾಂ ಮುಚ್ಚಳಕ್ಕೆ 48 ಗ್ರಾಂ ಬಂದರೆ ಸಾಂದ್ರತೆ 2.5, ಅಂದರೆ ಸಾಮಾನ್ಯ ಗಾಜು. 40 ಗ್ರಾಂ ಬಂದರೆ ಸಾಂದ್ರತೆ 3, ಅದು ಸೀಸದ ಗಾಜೆಂದು ತಿಳಿಯಬಹುದು. ಮುಚ್ಚಳ ಬದಲಾಗಿರುವ ಸಾಧ್ಯತೆಯನ್ನು ಮಾತ್ರ ಮರೆಯಬಾರದು.

ಆಮ್ಲೀಯ ಪಾನೀಯದಲ್ಲಿರುವ ಹೈಡ್ರೋಜನ್ ಅಯಾನುಗಳು ಗಾಜಿನೊಳಗೆ ಸೇರಿದಂತೆ ಸೀಸ ಹೊರಬರುತ್ತದೆ. 1991ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಲೀಟರಿಗೆ 89 ಮೈಕ್ರೋಗ್ರಾಂ ಸೀಸವಿದ್ದ ಪೋರ್ಟ್ ವೈನ್ ನಾಲ್ಕು ತಿಂಗಳು ಇಂಥ ಡಿಕ್ಯಾಂಟರುಗಳಲ್ಲಿದ್ದಾಗ ಆ ಪ್ರಮಾಣ 2,000ದಿಂದ 5,000 ಮೈಕ್ರೋಗ್ರಾಂ ದಾಟಿತ್ತು. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವ ಮಿತಿ 10 ಮೈಕ್ರೋಗ್ರಾಂ. ನಮ್ಮ ಕರಾವಳಿಯ ಮನೆಗಳಲ್ಲಿ ವೈನಿಗಿಂತ ಪುನರ್ಪುಳಿ ಮತ್ತು ಲಿಂಬೆಯ ಶರಬತ್ತು ಹೆಚ್ಚು ಬಳಕೆಯಲ್ಲಿದೆ. ಎರಡೂ ಹುಳಿಯಾದುದರಿಂದ, ಅಂದವಾದ ಪಾತ್ರೆಯೆಂದು ಅವನ್ನು ಇದರಲ್ಲಿ ತುಂಬಿಡಲೇಬಾರದು. ಮಕ್ಕಳ ಬೆಳೆಯುವ ಮಿದುಳಿಗೆ ಸೀಸ ಅತಿ ಸ್ವಲ್ಪ ಪ್ರಮಾಣದಲ್ಲಿಯೂ ಹಾನಿಕರ.

ನೋಟಕ್ಕೆಂದೇ ಇಡುವವರಿಗೆ ನಮ್ಮ ಮಳೆಗಾಲ ಇನ್ನೊಂದು ತೊಡಕು ತರುತ್ತದೆ. ತೊಳೆದ ನೀರು ಆರದೆ ತಳದಲ್ಲಿ ಉಳಿದರೆ ಅದು ಗಾಜಿನ ಕ್ಷಾರವನ್ನು ಕರಗಿಸುತ್ತದೆ. ಹಾಗೆ ಮೂಡಿದ ಮಂಕು ಉಜ್ಜಿದರೂ ಹೋಗುವುದಿಲ್ಲ. ಆದುದರಿಂದ ಪೂರ್ತಿ ಒಣಗಿಸಿದ ಮೇಲೂ ಮುಚ್ಚಳವನ್ನು ಬಿಗಿಯಾಗಿ ಕೂರಿಸದೆ ಪಕ್ಕದಲ್ಲಿಡುವುದು ಒಳ್ಳೆಯದು.